ಅಟ್ಟದ ಕೆಳಗೆ ಮೀನು

ನಮ್ಮದು ಮೀನು ಮುಟ್ಟದ ಮನೆ. ಕೊರಳಲ್ಲಿ ಲಿಂಗ ಕಟ್ಟಿದವರು. ಕೆರೆಯಲ್ಲಿ ನೀರು ಇಳಿದು ಊರ ಹುಡುಗರು ಬುಟ್ಟಿ ಹಿಡಿದು ಮೀನಿಗೆ ಓಡುವಾಗ ನಮ್ಮತ್ತೆ ಬೀದಿ ಬಾಗಿಲು ಹಾಕಿಸುತ್ತಿದ್ದರು, ವಾಸನೆ ಒಳಗೆ ಬರುತ್ತೆ ಅಂತ. ಅಂಥ ಮನೆಗೆ ಸೊಸೆಯಾಗಿ ಬಂದ ನಾನು ಈ ವಯಸ್ಸಿನಲ್ಲಿ ಮೀನು ಹುಡುಕಿಕೊಂಡು ಕಡೂರು, ತರೀಕೆರೆ ಸುತ್ತಿದೆ. ನೀರಿನ ಮೀನಲ್ಲ, ದೀಪದ ಮೀನು. ನನ್ನ ಮಗಳು ತನ್ನ ಮಕ್ಕಳಿಗೆ ನಿದ್ದೆ ಬರಲಿ ಅಂತ ತಂದಿಟ್ಟುಕೊಂಡಿದ್ದ ದೀಪ.

ಮಗಳನ್ನ ಕೊಟ್ಟಿದ್ದು ತರೀಕೆರೆಗೆ. ಅಳಿಯ ಲಾರಿ ಓಡಿಸುತ್ತಾರೆ. ಮನೆಯಲ್ಲಿ ಇರೋದಕ್ಕಿಂತ ರೋಡಲ್ಲಿ ಇರೋದೇ ಹೆಚ್ಚು. ಅವರಮ್ಮ, ಅಂದರೆ ನನ್ನ ಬೀಗಿತ್ತಿ, ಅದೇ ಬೀದಿಯಲ್ಲಿ ಹಿರೀ ಮಗನ ಮನೆಯಲ್ಲಿದ್ದಾರೆ. ಮಗಳದ್ದು ಎರಡು ರೂಮಿನ ಬಾಡಿಗೆ ಮನೆ. ತಾರಸಿ ಮನೆ, ಮೇಲೆ ನೋಡಿದರೆ ಸುಣ್ಣ ಹೊಡೆದು ಬೆಳ್ಳಗೆ ಸಪಾಟಾಗಿತ್ತು. ಇಬ್ಬರು ಮಕ್ಕಳು. ಹುಡುಗಿ ಒಂದನೇ ಕ್ಲಾಸಿಗೆ ಸೇರೋ ವಯಸ್ಸು, ಹುಡುಗನಿಗೆ ಆಗಿನ್ನೂ ಸರಿಯಾಗಿ ಮಾತು ಬರದು.

ಒಂದು ಸಲ ಹೋದಾಗ ಹಾಸಿಗೆ ಪಕ್ಕ ಆ ದೀಪ ಕೂತಿತ್ತು. ಎತ್ತಿ ನೋಡಿದೆ.

"ಇದೇನೇ ಇದು, ಚೊಂಬಿಗೆ ತೂತು ಕೊರ್ದಂಗಿದೆ?"

"ಪ್ರೊಜೆಕ್ಟರ್ ಲೈಟು ಕಣವ್ವ. ಮಕ್ಳಿಗೆ ನಿದ್ದೆ ಬರ್ಸೋದು."

"ನಿಂಗೆ ನಿದ್ದೆ ಬರ್ಸಿದ್ದು ಯಾವ ಲೈಟೇ? ಬೆನ್ನಿಗೆ ಎರಡು ಬಿಟ್ರೆ ಮಲಗ್ತಿದ್ದೆ."

"ಅದಕ್ಕೇ ಕಣವ್ವ ಇದನ್ನ ತಂದಿರೋದು" ಅಂತ ನಕ್ಕಳು. ನನ್ನ ಮಗಳ ಬಾಯಿ ನನ್ನ ಬಾಯಿಯೇ. ಕೊಟ್ಟಷ್ಟು ವಾಪಸ್ ಬರುತ್ತಿತ್ತು.

ಊಟ ಆದ ಮೇಲೆ ದೊಡ್ಡ ಲೈಟು ಆರಿಸಿ ಅದನ್ನ ಹಾಕಿದಳು. ಸೂರಿನ ತುಂಬ ಮೀನು. ನೀಲಿ, ಹಳದಿ, ಕೆಂಪು, ನಡುವೆ ಒಂದು ಆಮೆ. ನಿಧಾನಕ್ಕೆ ಸುತ್ತುತ್ತಿದ್ದವು. ಗೋಡೆಯಲ್ಲಿ ಇಳಿದು, ನನ್ನ ಸೀರೆ ಮೇಲೂ ಒಂದು ಹರಿದು ಹೋಯಿತು. ನಾನು ಸೆರಗು ಒದರಿದೆ. ಮಕ್ಕಳು ಬಿದ್ದು ಬಿದ್ದು ನಕ್ಕವು.

"ಪಾತ್ರೆ ತೊಳ್ದು ಬತ್ತೀನಿ, ಅಲ್ಲೀಗಂಟ ಮೀನು ನೋಡ್ತಿರಿ" ಅಂತ ಮಗಳು ಅಡುಗೆ ಮನೆಗೆ ಹೋದಳು. ಮಕ್ಕಳು ಮೇಲೆ ನೋಡುತ್ತಾ ಬಿದ್ದುಕೊಂಡವು. ಆಮೇಲೆ ಕೈ ಒರೆಸಿಕೊಂಡು ಬಂದಳು. "ಸರ್ಕೊಳ್ಳೋ ನನ್ ದೊರೆ, ನಂಗೂ ಒಂಚೂರು ಜಾಗ ಬಿಡು" ಅಂತ ಹುಡುಗನನ್ನ ಗೋಡೆ ಕಡೆ ತಳ್ಳಿ ನಡುವೆ ಮಲಗಿದಳು. ಒಂದು ಕೈ ಆ ಕಡೆ, ಒಂದು ಕೈ ಈ ಕಡೆ. ನಾನು ಬಾಗಿಲಲ್ಲಿ ನಿಂತು ಎಲೆ ಅಡಿಕೆ ಬಾಯಿಗೆ ಹಾಕಿಕೊಳ್ಳುವಷ್ಟರಲ್ಲಿ ಎರಡೂ ನಿದ್ದೆ. ಪರವಾಗಿಲ್ಲ ಈ ದೀಪ, ಕೆಲಸ ಮಾಡುತ್ತೆ ಅಂದುಕೊಂಡೆ.

ಹೋದ ವರ್ಷ ಮಳೆ ಹಿಡಿದಾಗ ಮಗಳಿಗೆ ಜ್ವರ ಬಂತು. ಮೊದಲು ಮಾತ್ರೆ, ಆಮೇಲೆ ತರೀಕೆರೆ ಆಸ್ಪತ್ರೆ, ಆಮೇಲೆ ಶಿವಮೊಗ್ಗ. ಶಿವಮೊಗ್ಗದಿಂದ ಹೆಣ ಬಂತು. ಇದರಲ್ಲಿ ಹೇಳೋದಕ್ಕೆ ಇನ್ನೇನೂ ಇಲ್ಲ. ಯಾರ ತಪ್ಪೂ ಅಲ್ಲ ಅಂದರು, ಇರಬಹುದು.

ಮಣ್ಣು ಮಾಡಿ ಬಂದ ಮೇಲೆ ಮಕ್ಕಳನ್ನ ನಾನು ಕರೆದುಕೊಂಡು ಬಂದೆ. ಅಳಿಯ ಲಾರಿ ಬಿಟ್ಟು ಕೂರೋ ಹಾಗಿಲ್ಲ, ಬೀಗಿತ್ತಿಗೆ ಮಂಡಿ ನೋವು. ನಮ್ಮೂರು ಚೌಳಹಿರಿಯೂರಿನ ಕಡೆ, ಸುತ್ತ ತೆಂಗಿನ ತೋಟ. ಮನೆಯಲ್ಲಿ ನಾನು, ನಮ್ಮ ಯಜಮಾನರು, ಮಗ, ಸೊಸೆ. ಜನಕ್ಕೆ ಕಮ್ಮಿ ಇಲ್ಲ. ಊಟಕ್ಕೂ ಕಮ್ಮಿ ಇಲ್ಲ. ಹುಡುಗಿ ಕೊಟ್ಟಿದ್ದು ತಿನ್ನುತ್ತಿದ್ದಳು, ಹೇಳಿದ ಕಡೆ ಕೂರುತ್ತಿದ್ದಳು. ಹುಡುಗ ಹಗಲೆಲ್ಲ ಕರುವಿನ ಹಿಂದೆ ಓಡಾಡಿಕೊಂಡು ಇರುತ್ತಿದ್ದ. ಕತ್ತಲಾಗಿ ಚಾಪೆ ಹಾಸಿದರೆ ಮುಗಿಯಿತು. ಕಣ್ಣು ಮುಚ್ಚುತ್ತಿರಲಿಲ್ಲ. ಮೇಲೆ ನೋಡುವುದು, "ಮೀ, ಮೀ" ಅನ್ನುವುದು, ಅಳುವುದು. ನಮ್ಮ ಸೊಸೆ ಹಾಲು ಕೇಳ್ತಿದಾನೆ ಅಂದಳು. ಯಜಮಾನರು ಹಲ್ಲಿ ಕಂಡಿರಬೇಕು ಅಂದರು. ನಾನು ದೃಷ್ಟಿ ತೆಗೆದೆ, ಹೊಟ್ಟೆಗೆ ಹರಳೆಣ್ಣೆ ಸವರಿದೆ, ಹೆಗಲ ಮೇಲೆ ಹಾಕಿಕೊಂಡು ಅಂಗಳ ಸುತ್ತಿದೆ. ಸಾಕಾಗಿ ಬೆನ್ನಿಗೆ ಒಂದು ಬಿಟ್ಟೆ ಕೂಡ. ಅವನು ಅಳು ನಿಲ್ಲಿಸಿ ನನ್ನ ಮುಖ ನೋಡಿದ. ಆಮೇಲೆ ನಾನು ಕೈ ಎತ್ತಲಿಲ್ಲ.

ಹುಡುಗಿಯೇ ಹೇಳಿದಳು. "ಮೀನು ಕೇಳ್ತಿದಾನೆ ಅಜ್ಜಿ. ದೀಪದ ಮೀನು."

ಅಳಿಯನಿಗೆ ಫೋನ್ ಮಾಡಿದೆ. ಅವರು ಎಲ್ಲೋ ಹುಬ್ಬಳ್ಳಿ ದಾರಿಯಲ್ಲಿದ್ದರು. "ನಂಗೊತ್ತಿಲ್ಲ ಅತ್ತೆ, ಮನೇಲಿ ಕಾಣ್ಲಿಲ್ಲ, ಅಮ್ಮನ್ನ ಕೇಳಿ" ಅಂದರು. ಬೀಗಿತ್ತಿಗೆ ಮಾಡಿದೆ.

"ಅಯ್ಯೋ, ಹಾಸಿಗೆ ಮಗ್ಗುಲಲ್ಲಿತ್ತಲ್ಲ ಅದಾ? ಹಾಸಿಗೆ ಜೊತೆ ಹೋಗಿರ್ಬೇಕು ಕಣ್ರೀ."

ನಮ್ಮಲ್ಲಿ ಸತ್ತವರು ಮಲಗುತ್ತಿದ್ದ ಹಾಸಿಗೆ, ದಿಂಬು, ಹೊದಿಕೆ ಮನೆಯಲ್ಲಿ ಇಟ್ಟುಕೊಳ್ಳಲ್ಲ. ಮೂರನೇ ದಿನ ಗಂಟು ಕಟ್ಟಿ ಮಡಿವಾಳರ ಮನೆಗೆ ಕೊಡುತ್ತಾರೆ. ಮಕ್ಕಳಿಗೆ ಬೇರೆ ಹಾಸಿಗೆ ಇರಲಿಲ್ಲ, ಮೂವರದ್ದೂ ಒಂದೇ. ಹೆಂಗಸರು ಅಳುತ್ತಾ ಬಿಚ್ಚಿ ನೋಡದೆ ಹಾಗೇ ಸುರುಳಿ ಸುತ್ತಿದ್ದಾರೆ. ದೀಪ ಒಳಗೆ ಉಳಿದಿದೆ.

"ಯಾರ ಮನೆಗೆ ಕೊಟ್ರಿ? ನಾನೇ ಬಂದು ಕೇಳ್ತೀನಿ" ಅಂದೆ.

"ಬೇಡ ಬಿಡ್ರೀ. ಅದರ ಜೊತೆ ಹೋದದ್ದನ್ನ ತಿರುಗಿ ಮನೆಗೆ ತರಬಾರ್ದು. ಕೆಟ್ಟದ್ದಾಗುತ್ತೆ."

"ಮಗಳು ಹೋದ್ಲು ಕಣ್ರೀ. ಇನ್ನೇನು ಕೆಟ್ಟದ್ದು ಬಾಕಿ ಇದೆ, ಹೇಳಿ?"

ಅವರು ಆ ಕಡೆ ಅಳೋಕೆ ಶುರು ಮಾಡಿದರು. ಅವರಿಗೂ ಸೊಸೆ ಮೇಲೆ ಪ್ರೀತಿ ಇತ್ತು, ಇಲ್ಲ ಅನ್ನಲ್ಲ. ಫೋನ್ ಇಟ್ಟೆ.

ಯಜಮಾನರು, "ಅದಕ್ಕೇನು ತರೀಕೆರೆಗಂಟ ಹೋಗ್ತೀಯಾ, ಕಡೂರಲ್ಲಿ ಹೊಸದು ತಗೊಂಡ್ ಬಾ" ಅಂದರು. ಸರಿ ಅಂತ ಕಡೂರಿಗೆ ಹೋದೆ. ಬಸ್‌ಸ್ಟ್ಯಾಂಡ್ ಹತ್ತಿರ ಒಬ್ಬ ಸಾಬರ ಎಲೆಕ್ಟ್ರಿಕ್ ಅಂಗಡಿ ಇದೆ. ನಮ್ಮ ಮೋಟಾರಿನ ಸಾಮಾನು ತರುವುದು ಅಲ್ಲೇ, ಅವರಪ್ಪನ ಕಾಲದಿಂದ ಗುರುತು.

"ಮಕ್ಳಿಗೆ ನಿದ್ದೆ ಬರ್ಸೋ ಲೈಟು ಕೊಡಪ್ಪ, ಸೂರಲ್ಲಿ ಮೀನು ಓಡಾಡ್ಬೇಕು" ಅಂದೆ.

"ಏನಜ್ಜಿ, ಲಿಂಗ ಕಟ್ಕೊಂಡು ಮೀನು ಕೇಳ್ತಿದೀರಾ? ನಿಮ್ಮ ಯಜಮಾನ್ರಿಗೆ ಗೊತ್ತಾ?"

"ಅವ್ರೇ ಕಳ್ಸಿದ್ದು. ತೆಗಿ, ತೆಗಿ."

ಅವನು ಮೂರ್ನಾಲ್ಕು ಡಬ್ಬಿ ತೆಗೆದ. ಚುಕ್ಕಿ ಚಂದ್ರ ಇತ್ತು, ರಾಕೆಟ್ ಇತ್ತು, ಹುಟ್ಟಿದ ಹಬ್ಬದ ಕೇಕ್ ಇತ್ತು. ಮೀನು ಇರಲಿಲ್ಲ. "ಚುಕ್ಕಿ ತಗೊಂಡ್ ಹೋಗಿ, ಎಲ್ಲ ಮಕ್ಳೂ ಇದನ್ನೇ ಕೇಳ್ತವೆ. ಯಾರಿಗೆ, ಮಗಳ ಮಕ್ಕಳಿಗಾ? ಮಗಳು ಬಂದಿದಾಳಾ?"

ಅವನಿಗೆ ಸುದ್ದಿ ಗೊತ್ತಿರಲಿಲ್ಲ. ಹೇಳಿದೆ. ಅವನ ಕೈಯಲ್ಲಿದ್ದ ಡಬ್ಬಿ ಕೈಯಲ್ಲೇ ಉಳಿಯಿತು. ಮಗಳು ಸಣ್ಣವಳಿದ್ದಾಗ ನಮ್ಮ ಜೊತೆ ಬಂದು ಅವನ ಅಂಗಡಿ ಸ್ವಿಚ್ಚೆಲ್ಲ ಒತ್ತಿ ಒತ್ತಿ ಬೈಸಿಕೊಳ್ಳುತ್ತಿದ್ದಳು. "ಇಟ್ಕೊಳ್ಳಿ ಅಜ್ಜಿ. ಮಗು ಒಪ್ಲಿಲ್ಲ ಅಂದ್ರೆ ವಾಪಸ್ ತನ್ನಿ" ಅಂದ.

ಮಗು ಒಪ್ಪಲಿಲ್ಲ. ಒಪ್ಪೋದಾದರೂ ಹೇಗೆ? ನಮ್ಮ ಮನೆಗೆ ತಾರಸಿ ಇಲ್ಲ. ಮೇಲೆ ನೋಡಿದರೆ ತೊಲೆ, ತೊಲೆ ಮೇಲೆ ಅಡಿಕೆ ದಬ್ಬೆ, ದಬ್ಬೆ ಮೇಲೆ ಅಟ್ಟದ ತುಂಬ ಕೊಬ್ಬರಿಗೆ ಹಾಕಿದ ತೆಂಗಿನಕಾಯಿ. ವರ್ಷಾನುಗಟ್ಟಲೆ ಹೊಗೆ ಕುಡಿದು ಎಲ್ಲ ಕರೀ ಬಣ್ಣ. ಚುಕ್ಕಿ ದಬ್ಬೆ ಸಂದಿಯಲ್ಲಿ ತೂರಿಕೊಂಡು ಕಾಯಿಗಳ ನಡುವೆ ಎಲ್ಲೋ ಹೋದವು. ಹುಡುಗ ಒಂದು ಗಳಿಗೆ ನೋಡಿದ. "ಮೀ" ಅಂದ. ತಲೆ ಆಡಿಸಿದ. ಮತ್ತೆ ಅಳು.

ಮಾರನೇ ದಿನ ತರೀಕೆರೆ ಬಸ್ಸು ಹತ್ತಿದೆ. ಬೀಗಿತ್ತಿ ಮನೆಗೆ ಹೋಗಲಿಲ್ಲ. ಮಗಳ ಮನೆ ಇದ್ದ ಬೀದಿಯಲ್ಲೇ ಒಬ್ಬಳನ್ನ ಕೇಳಿದೆ, ಮಡಿವಾಳರ ಮನೆ ತೋರಿಸಿದಳು. ಅಂಗಳದಲ್ಲಿ ಹಗ್ಗ ಕಟ್ಟಿ ಲಾಡ್ಜಿನ ಬಿಳೀ ಬಟ್ಟೆ ಒಣಗಲು ಹಾಕಿದ್ದರು. ನನ್ನ ವಯಸ್ಸಿನವಳೇ ಒಬ್ಬಳು ಇಸ್ತ್ರಿ ಪೆಟ್ಟಿಗೆಗೆ ಕೆಂಡ ತುಂಬುತ್ತಿದ್ದಳು. ನಾನು ಇಂಥವಳ ತಾಯಿ ಅಂದೆ. ಅವಳು ಇಕ್ಕಳ ಕೆಳಗಿಟ್ಟಳು.

"ನಿಮ್ಮ ಮೂಗು ನೋಡಿದ್ರೇ ಗೊತ್ತಾಯ್ತು ಬಿಡಿ ಅಮ್ಮಾ. ಅದೇ ಮೂಗು. ಬನ್ನಿ, ಕೂತ್ಕೊಳ್ಳಿ."

ಏನು ಹೇಗೆ ಕೇಳಬೇಕು ಅಂತ ಬಸ್ಸಿನಲ್ಲಿ ಜೋಡಿಸಿಕೊಂಡು ಬಂದಿದ್ದೆ. ಕೊಟ್ಟ ಮೇಲೆ ಕೇಳೋದು ನನಗೆ ಗೊತ್ತಿಲ್ಲದ ಕೆಲಸ. ಬಾಯಿ ತೆಗೆಯುವ ಮೊದಲೇ ಅವಳು, "ದೀಪಕ್ಕೆ ಬಂದ್ರಾ?" ಅಂದಳು.

"ಹೂಂ ಕಣವ್ವ."

"ಹಾಸಿಗೆ ಬಿಚ್ದಾಗ ಸಿಕ್ತು. ಇದು ಮಕ್ಳದ್ದು ಅಂತ ತಗೊಂಡು ನಿಮ್ಮ ಬೀಗಿತ್ತಿ ಮನೆ ಬಾಗ್ಲಿಗೆ ಹೋದೆ. ತಿರುಗಿ ತರಬೇಡ, ಹೋಗು ಅಂದ್ರು. ನಮ್ಮ ಮೊಮ್ಮಗಳು ಕೈಗೆ ತಗೊಂಡ್ಲು. ಈಗ ಅದಿಲ್ದೆ ಮಲಗಲ್ಲ ಅಂತಾಳೆ."

ಒಳಗೆ ಇಣುಕಿದೆ. ನಮ್ಮ ಹುಡುಗನಷ್ಟೇ ಇದ್ದ ಒಂದು ಹೆಣ್ಣು ಮಗು ನಡು ಹಗಲಲ್ಲಿ ಕಿಟಕಿ ಮುಚ್ಚಿದ ಕೋಣೆಯಲ್ಲಿ ಮಲಗಿತ್ತು. ಸುಣ್ಣದ ಗೋಡೆ ಮೇಲೆ ನಮ್ಮ ಆಮೆ ಹೋಗುತ್ತಿತ್ತು. ನಾನು ಹೊರಗೆ ಬಂದುಬಿಟ್ಟೆ.

"ಇರ್ಲಿ ಬಿಡವ್ವ. ಇದೂ ಮಗೂನೇ" ಅಂದೆ. ಹೇಳಿದೆನೇ ಹೊರತು ಕಾಲು ಕೀಳಲಿಲ್ಲ.

ಅವಳೇ ಒಳಗೆ ಹೋಗಿ ವಯರು ಕಿತ್ತು ಸುತ್ತಿ ತಂದಳು. "ಇವಳಿಗೆ ಅವರವ್ವ ಇದಾಳೆ ಕಣಮ್ಮಾ. ಎರಡು ದಿನ ರಂಪ ಮಾಡ್ತಾಳೆ, ಮರೀತಾಳೆ. ತಗೊಂಡ್ ಹೋಗಿ."

ಚೀಲಕ್ಕೆ ಹಾಕಿಕೊಂಡೆ. ಹೊರಡುವಾಗ ಅವಳು, "ದಿಂಬೂ ಇದೆ, ಬೇಕಾ?" ಅಂದಳು. ಮಗಳ ದಿಂಬು. ಕೈಗೆ ತಗೊಂಡು ಮುಖಕ್ಕೆ ಒತ್ತಿದೆ. ಸೋಪಿನ ವಾಸನೆ, ಬಿಸಿಲಿನ ವಾಸನೆ.

"ತೊಳ್ದುಬಿಟ್ಯಾ" ಅಂದೆ.

"ಬಂದ ದಿನಾನೇ ಕವರು ತೊಳ್ದೆ ಕಣಮ್ಮಾ. ಹತ್ತೀನೂ ಬಿಚ್ಚಿ ಬಿಸ್ಲಿಗೆ ಹಾಕ್ದೆ." ಅವಳ ಮುಖ ಸಣ್ಣಗಾಯಿತು. ಅವಳದ್ದೇನು ತಪ್ಪು? ಬಟ್ಟೆ ಬಂದರೆ ತೊಳೆಯೋದು ಅವಳ ಕೆಲಸ. ಎಷ್ಟು ಚೆನ್ನಾಗಿ ತೊಳೆದಿದ್ದಳು ಅಂದರೆ ನನ್ನ ಮಗಳು ಒಂದು ಎಳೆಯಷ್ಟೂ ಅದರಲ್ಲಿ ಉಳಿದಿರಲಿಲ್ಲ. ದಿಂಬು ವಾಪಸ್ ಕೊಟ್ಟೆ. ಮಗಳು ಸತ್ತಾಗ ಅತ್ತಿದ್ದು ಬೇರೆ. ಆವತ್ತು ಬೀರೂರು ದಾಟೋವರೆಗೂ ಬಸ್ಸಿನಲ್ಲಿ ಸೆರಗು ಬಾಯಿಗೆ ತುರುಕಿಕೊಂಡು ಅತ್ತಿದ್ದು ಬೇರೆ. ಕಂಡಕ್ಟರು ಹಲ್ಲು ನೋವಾ ಅಜ್ಜಿ ಅಂದ. ಹೂಂ ಅಂದೆ.

ಮನೆಗೆ ಬಂದು ಯಜಮಾನರಿಗೆ ಹೇಳಿದೆ. "ಅಟ್ಟದ ಕೆಳಗೆ ಬಿಳೀ ಬಟ್ಟೆ ಕಟ್ಬೇಕು. ಇಲ್ದಿದ್ರೆ ಮೀನು ನಿಲ್ಲಲ್ಲ."

"ನಾಟಕದ ಪರದೆ ಕಟ್ಟೋಕೆ ನನ್ನೇ ಕರೀತೀಯಾ?" ಅಂತ ಗೊಣಗಿದರು. ಗೊಣಗುತ್ತಲೇ ಟ್ರಂಕಿನಿಂದ ತಾವು ಉಡದೆ ಇಟ್ಟಿದ್ದ ಹೊಸ ಪಂಚೆ ತೆಗೆದರು. ಮಗಳು ಅಪ್ಪನಿಗೆ ಹಬ್ಬಕ್ಕೆ ಅಂತ ಕೊಟ್ಟಿದ್ದು. ಉಡಿ ಅಂದರೆ ಇರಲಿ ಇರಲಿ ಅಂತ ಇಟ್ಟುಕೊಂಡಿದ್ದರು. ಏಣಿ ಹಾಕಿ ನಾಲ್ಕು ಮೂಲೆಯನ್ನೂ ತೊಲೆಗೆ ಹುರಿಯಲ್ಲಿ ಬಿಗಿದರು. ಮೇಲಿಂದ ಕೊಬ್ಬರಿ ಧೂಳು ತಲೆ ಮೇಲೆಲ್ಲ ಉದುರಿತು. "ನೋಡೇ, ನಿನ್ನ ಮೀನಿಗೆ ಕೆರೆ ರೆಡಿ" ಅಂದರು.

ಮಕ್ಕಳಿಗೆ ಬೇಗ ಉಣ್ಣಿಸಿದೆ. ಲೈಟು ಆರಿಸಿ ದೀಪ ಹಾಕಿದೆ. ಅಯ್ಯೋ ಶಿವನೇ, ಆ ಪಂಚೆ ಗಾಳಿಗೆ ಒಂಚೂರು ಅಲುಗುತ್ತಿತ್ತು ನೋಡಿ, ತರೀಕೆರೆ ಸೂರಿಗಿಂತ ಚೆನ್ನಾಗಿ ಈಜಿದವು ಮೀನು. ಹುಡುಗ ಉಸಿರೇ ಬಿಡದೆ ನೋಡಿದ. ಆಮೇಲೆ "ಮೀ!" ಅಂತ ಕೂಗಿ ಚಪ್ಪಾಳೆ ತಟ್ಟಿದ. ನಮ್ಮ ಮನೆಗೆ ಬಂದ ಮೇಲೆ ಮೊದಲನೇ ಸಲ ಅವನು ನಕ್ಕಿದ್ದು. ಹುಡುಗಿ ನಗಲಿಲ್ಲ. ತಮ್ಮನ ಮಗ್ಗುಲಲ್ಲಿ ಮಲಗಿ ಕೈ ಕಟ್ಟಿಕೊಂಡು ನೋಡಿದಳು.

ಗೆದ್ದೆ ಅಂದುಕೊಂಡೆ. ಸೊಸೆ ತವರಿಗೆ ಹೋಗಿದ್ದಳು, ಪಾತ್ರೆ ಬಿದ್ದಿದ್ದವು. ಎದ್ದು ಅಡುಗೆ ಮನೆಗೆ ಹೋಗಿ ತೊಳೆಯೋಕೆ ಕೂತೆ. ಒಳಗೆ ಸದ್ದಿಲ್ಲ. ಮಲಗಿರಬೇಕು ಅಂತ ಕೈ ಒರೆಸಿಕೊಂಡು ಬಂದೆ.

ಹುಡುಗ ಮಲಗಿರಲಿಲ್ಲ. ಪಾತ್ರೆ ಸದ್ದು ಕೇಳಿಕೊಂಡು ಬಾಗಿಲ ಕಡೆ ಮುಖ ಮಾಡಿ ಕಾಯುತ್ತಿದ್ದ. ಅಷ್ಟು ದಿನ ನಾನೇ ಹಿಡಿದೆಳೆದರೂ ಅತ್ತಿತ್ತ ಸರಿಯದವನು ತಾನಾಗಿ ಗೋಡೆಗೆ ಒತ್ತರಿಸಿಕೊಂಡಿದ್ದ. ಅಕ್ಕನಿಗೂ ತನಗೂ ನಡುವೆ ಜಾಗ ಬಿಟ್ಟಿದ್ದ. ಆ ಜಾಗವನ್ನ ಅಂಗೈಯಲ್ಲಿ ತಟ್ಟುತ್ತಿದ್ದ. ನಾನು ಬಾಗಿಲಿಗೆ ಬಂದಾಗ ಅವನ ಮುಖ ಅರಳಿತ್ತು. ನನ್ನನ್ನ ನೋಡಿದ. ಆಮೇಲೆ ನನ್ನ ಬೆನ್ನ ಹಿಂದೆ ನೋಡಿದ.

ನಾನು ಪಕ್ಕಕ್ಕೆ ಸರಿದೆ. ಯಾಕೆ ಸರಿದೆನೋ. ಅವನಿಗೆ ಬಾಗಿಲು ಪೂರ್ತಿ ಕಾಣಲಿ ಅಂತಲೋ ಏನೋ.

ಅಳಲಿಲ್ಲ ಅವನು. ಅತ್ತಿದ್ದರೆ ಎತ್ತಿಕೊಳ್ಳುತ್ತಿದ್ದೆ. ಸುಮ್ಮನೆ ಬಾಗಿಲನ್ನೇ ನೋಡುತ್ತಾ ಬಿದ್ದುಕೊಂಡಿದ್ದ. ಮೀನು ಅವನ ಮುಖದ ಮೇಲೆಲ್ಲ ಓಡಾಡುತ್ತಿದ್ದವು. ಮೇಲೆ ನೋಡು ಮಗಾ ಅಂದೆ, ಆಮೆ ನೋಡು ಅಂದೆ. ನೋಡಲಿಲ್ಲ. ಆ ಜಾಗದಲ್ಲಿ ನಾನು ಮಲಗೋಕೆ ಹೋದರೆ ಎರಡೂ ಕೈಯಲ್ಲಿ ತಳ್ಳಿದ. ಇಷ್ಟು ದಿನ ನಿದ್ದೆ ಬರಿಸುತ್ತಿದ್ದದ್ದು ದೀಪ ಅಂತ ತಿಳಿದಿದ್ದೆ. ದೀಪ ಹಾಕಿದರೆ ಪಾತ್ರೆ ಸದ್ದು ಬರುತ್ತೆ, ಪಾತ್ರೆ ಸದ್ದು ನಿಂತರೆ ಅಮ್ಮ ಬರುತ್ತಾಳೆ. ಅವನಿಗೆ ಗೊತ್ತಿದ್ದದ್ದು ಅಷ್ಟು. ನಾನು ಊರೂರು ತಿರುಗಿ ತಂದು ಅವನಿಗೆ ತೋರಿಸಿದ್ದು ಅದನ್ನ.

ಮರುದಿನವೂ ಅದೇ ಆಯಿತು. ಅದರ ಮರುದಿನ ಹಗಲಲ್ಲಿ ನಾನು ಅಂಗಳದಲ್ಲಿ ಹುರುಳಿ ಕೇರುತ್ತಾ ಕೂತಿದ್ದೆ. ಹುಡುಗಿ ಬಂದು ಪಕ್ಕದಲ್ಲಿ ಕೂತಳು.

"ಅಜ್ಜಿ, ದೀಪ ವಾಪಸ್ ಕೊಟ್ಬಿಡು."

"ಯಾಕೇ?"

"ಅದು ಹಾಕಿದ್ರೆ ಅಮ್ಮ ಬತ್ತಾಳೆ ಅಂದ್ಕೋತಾನೆ ಅವ್ನು."

ಮೊರ ಕೆಳಗಿಟ್ಟೆ. "ನಿಂಗೆ ಗೊತ್ತಲ್ಲ ಪುಟ್ಟಿ?"

"ನಂಗೆ ಗೊತ್ತು, ಬರಲ್ಲ." ನೆಲದ ಮೇಲಿನ ಹುರುಳಿ ಕಾಳು ಒಂದೊಂದೇ ಹೆಕ್ಕಿ ಮೊರಕ್ಕೆ ಹಾಕಿದಳು. "ಆದ್ರೂ ಬಾಗ್ಲು ನೋಡ್ತೀನಿ."

ತಾಯಿ ಹೋದಾಗ ಈ ಹುಡುಗಿ ಅಳಲಿಲ್ಲ. ಎಂಥ ಗಟ್ಟಿ ಮಗು ಅಂತ ಎಲ್ಲರೂ ಹೇಳಿದ್ದರು, ನಾನೂ ಹೇಳಿದ್ದೆ. ಹುಡುಗ ಕೂಗಿ ಕೇಳಿದ, ಅವನಿಗಾಗಿ ನಾವೆಲ್ಲ ಓಡಾಡಿದೆವು. ಇವಳು ಏನೂ ಕೇಳಲಿಲ್ಲ. ಹಿಡಿದು ಹತ್ತಿರ ಎಳೆದುಕೊಂಡೆ. ಆಗ ಅತ್ತಳು. ಕರು ಬಂದು ಮೊರಕ್ಕೆ ಬಾಯಿ ಹಾಕಿತು, ಅರ್ಧ ಹುರುಳಿ ತಿಂದಿತು. ತಿನ್ನಲಿ ಅಂತ ಬಿಟ್ಟೆ.

ಮತ್ತೆ ತರೀಕೆರೆಗೆ ಹೋದೆ, ಹುಡುಗಿಯನ್ನೂ ಕರೆದುಕೊಂಡು. ಅಂಗಳದಲ್ಲಿ ಆ ಹೆಣ್ಣು ಮಗು ಬಕೆಟ್ಟಿನಲ್ಲಿ ಕೈ ಆಡಿಸುತ್ತಿತ್ತು. ಅವರಜ್ಜಿ ನನ್ನ ಚೀಲ ನೋಡಿದಳು, ನನ್ನ ಮುಖ ನೋಡಿದಳು.

"ಆಗ್ಲಿಲ್ವಾ ಅಮ್ಮಾ?"

"ಇಲ್ಲ ಕಣವ್ವ. ನಿಮ್ಮ ಮಗೂಗೇ ಇರ್ಲಿ."

ಅವಳು ಟೀ ಕೊಟ್ಟಳು, ಕುಡಿದೆ. ನಮ್ಮ ಹುಡುಗಿ ಚೀಲದಿಂದ ದೀಪ ತೆಗೆದು ಆ ಮಗುವಿನ ಕೈಗೆ ಕೊಟ್ಟಳು. ಗುಂಡಿ ತೋರಿಸಿದಳು. "ಇದನ್ನ ಒತ್ತಿದ್ರೆ ಜೋರಾಗಿ ಸುತ್ತುತ್ತೆ. ಜೋರು ಬೇಡ, ತಲೆ ತಿರುಗುತ್ತೆ, ನಿಧಾನ ಇಡ್ಬೇಕು" ಅಂತ ಅಮ್ಮ ಹೇಳುತ್ತಿದ್ದ ಹಾಗೇ ಹೇಳಿದಳು. ಆಮೇಲೆ ನನ್ನ ಕೈ ಹಿಡಿದುಕೊಂಡಳು, ಹೊರಟೆವು. ಮಗಳ ಬೀದಿ ಬಿಟ್ಟು ಆ ಕಡೆಯಿಂದ ಸುತ್ತಿ ಬಸ್‌ಸ್ಟ್ಯಾಂಡಿಗೆ ಬಂದೆವು. ಕಡೂರಲ್ಲಿ ಇಳಿದು ಚುಕ್ಕಿ ದೀಪವನ್ನೂ ವಾಪಸ್ ಕೊಟ್ಟೆ. ಸಾಬ ಡಬ್ಬಿ ಇಸಿದುಕೊಂಡು ಹುಡುಗಿಯ ಮುಂದೆ ಒಂದು ಸ್ವಿಚ್ ಬೋರ್ಡು ಇಟ್ಟ. "ಒತ್ತಮ್ಮಾ, ಎಷ್ಟು ಬೇಕಾದ್ರೂ ಒತ್ತು, ಬಯ್ಯಲ್ಲ" ಅಂದ. ಅವಳು ಒಂದೇ ಒಂದು ಸಲ ಒತ್ತಿದಳು.

ಪಂಚೆ ಬಿಚ್ಚಿ ಅಂತ ಯಜಮಾನರಿಗೆ ಹೇಳಿದೆ. ಬಿಚ್ಚಿ ಒದರಿದರು. ಕೊಬ್ಬರಿ ಧೂಳು ಕೂತು ಕಂದು ಬಣ್ಣಕ್ಕೆ ತಿರುಗಿತ್ತು. ಒಗೀಲಾ ಅಂತ ಸೊಸೆ ಕೇಳಿದಳು. ಬೇಡ ಅಂತ ಅವರು ಹಾಗೇ ಉಟ್ಟುಕೊಂಡರು.

ಹುಡುಗ ಈಗ ಕತ್ತಲಲ್ಲೇ ಮಲಗುತ್ತಾನೆ. ಇಲಿ ಓಡಾಡಿ ಅಟ್ಟದಲ್ಲಿ ಕಾಯಿ ಉರುಳಿದರೆ "ಗುಡುಗುಡು" ಅಂತ ತಾನೂ ಹೇಳುತ್ತಾನೆ, ಹೇಳುತ್ತಾ ಹೇಳುತ್ತಾ ನಿದ್ದೆ ಹೋಗುತ್ತಾನೆ. "ಮೀ" ಅನ್ನೋದು ಬಿಟ್ಟಿದ್ದಾನೆ. ಮರೆತ ಅಂತ ಎಲ್ಲರಿಗೂ ಸಮಾಧಾನ. ರಾತ್ರಿ ಪಾತ್ರೆ ತೊಳೆಯೋದನ್ನ ನಮ್ಮ ಮನೆಯಲ್ಲಿ ನಿಲ್ಲಿಸಿದ್ದೇವೆ. ಬೆಳಗ್ಗೆ ತೊಳೀತೀವಿ.

ಆದರೆ ಮಲಗೋದು ಇವತ್ತಿಗೂ ಗೋಡೆಗೆ ಒತ್ತರಿಸಿಕೊಂಡೇ. ಹುಡುಗಿಯೂ ಆ ಕಡೆ ಅಂಚಿಗೆ ಮಲಗುತ್ತಾಳೆ. ನಡುವೆ ಒಂದಾಳಿನ ಜಾಗ ಹಾಗೇ ಇರುತ್ತೆ. ನಾನು ಅಲ್ಲಿ ಮಲಗಲ್ಲ. ಹುಡುಗಿಯ ಈಚೆ, ಬರೀ ನೆಲದ ಮೇಲೆ ಚಾಪೆ ಹಾಸಿಕೊಂಡಿದ್ದೀನಿ.